ಮರಳಿ ಬಂದವರ ಲೆಕ್ಕ

ಪಾಸ್ಖ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಒಂದು ಘಟ್ಟವುಂಟು. ದೇವಾಲಯದ ದೀಪಗಳನ್ನೆಲ್ಲ ಆರಿಸಿ, ದೊಡ್ಡದೊಂದು ಮೇಣದ ಬತ್ತಿಯಿಂದ ಎಲ್ಲರ ಕೈಯ ಬತ್ತಿಗಳಿಗೂ ಬೆಳಕು ಹಂಚಿದ ಮೇಲೆ, ಗುರುಗಳು ಸಭೆಯ ಕಡೆ ತಿರುಗಿ ಪ್ರಶ್ನೆಗಳನ್ನು ಕೇಳುತ್ತಾರೆ: ಕೇಡನ್ನು ತೊರೆಯುವಿರಾ, ದೇವರನ್ನು ನಂಬುವಿರಾ ಎಂದು. ಶಿಶುಗಳಾಗಿದ್ದಾಗ ನಮ್ಮ ಪರವಾಗಿ ಹಿರಿಯರು ಕೊಟ್ಟಿದ್ದ ಉತ್ತರಗಳನ್ನು ಈಗ ನಾವೇ ಕೊಡಬೇಕು. ಜ್ಞಾನಸ್ನಾನದ ವಾಗ್ದಾನಗಳ ನವೀಕರಣವೆಂದು ಇದಕ್ಕೆ ಹೆಸರು. ಬಹಳ ಪುರಾತನವೆಂದು ತೋರುವ ಈ ಕ್ರಮ ಈಗಿನ ರೂಪದಲ್ಲಿ ಜಾಗರಣೆಯೊಳಗೆ ಬಂದದ್ದು ಪೋಪ್ ಹನ್ನೆರಡನೆಯ ಪಯಸ್ ಅವರ ಕಾಲದಲ್ಲಿ, 1951ರಲ್ಲಿ. ನಮ್ಮ ತಾಯಿತಂದೆಯರ ಬಾಲ್ಯದ ಕಾಲದ್ದು, ಅಷ್ಟೆ.

ಕೆಲವು ವರ್ಷಗಳ ಹಿಂದೆ ಚೆನ್ನೈನ ಪರಂಗಿಮಲೆಯ ಸಮೀಪದ ಒಂದು ದೇವಾಲಯದಲ್ಲಿ, ತಮಿಳಿನಲ್ಲಿ ನಡೆದ ಜಾಗರಣೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಹೋಗದೆ ಬಹಳ ವರ್ಷಗಳಾಗಿದ್ದವು. ಕಾರಣ ದೊಡ್ಡದೇನಲ್ಲ, ವರ್ಗಾವಣೆ, ಪರಭಾಷೆಯ ಊರು, ಭಾನುವಾರದ ಆಲಸ್ಯ, ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಕಲಿತ ಒಂದಿಷ್ಟು ಅರೆಬೆಂದ ಸಂದೇಹ. ನನ್ನ ನಂಬಿಕೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅದು ತಾನಾಗಿಯೇ ಸವೆದಿತ್ತು. ಸುತ್ತಲಿನವರು ತಮಿಳಿನಲ್ಲಿ ಉತ್ತರಿಸುತ್ತಿದ್ದಾಗ ನನ್ನ ಬಾಯಿಗೆ ಕನ್ನಡದ ಉತ್ತರವೇ ಬಂತು. ಎರಡೂ ಭಾಷೆಗಳಲ್ಲಿ ಆ ಉತ್ತರ 'ವಿಶ್ವಾಸ' ಎಂಬ ಒಂದೇ ಪದದಿಂದ ಹುಟ್ಟಿದ್ದಾದ್ದರಿಂದ ಪಕ್ಕದವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಆದರೆ ನನಗೊಂದು ಸಂಶಯ ಉಳಿಯಿತು. ಇಷ್ಟು ಕಾಲ ಬಿಟ್ಟಿದ್ದವನು ಒಂದು ರಾತ್ರಿ ಬಂದು ಹೀಗೆ ಹೇಳಿದರೆ ಅದನ್ನು ಯಾವ ಖಾತೆಗೆ ಬರೆಯಬೇಕು? ಲೆಕ್ಕಪತ್ರಗಳನ್ನು ಪರಿಶೀಲಿಸುವುದೇ ವೃತ್ತಿಯಾದವನಿಗೆ ಪ್ರಶ್ನೆ ಆ ರೂಪದಲ್ಲೇ ಹೊಳೆದದ್ದು ಸಹಜ.

ಈ ಪ್ರಶ್ನೆಯನ್ನು ನನಗಿಂತ ಎಷ್ಟೋ ಪಾಲು ಕಠಿಣವಾದ ರೂಪದಲ್ಲಿ ಎದುರಿಸಿದವರು ನಮ್ಮ ನಾಡಿನಲ್ಲೇ ಇದ್ದರು. ಅವರು 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊರಬಂದ ಕೆನರಾ ಜಿಲ್ಲೆಯ ಕ್ರೈಸ್ತರು.

ಅವರ ಸೆರೆಯ ಕಥೆ ಕರಾವಳಿಯಲ್ಲಿ ಸುಪರಿಚಿತ. ಎರಡನೆಯ ಮೈಸೂರು ಯುದ್ಧದ ಕೊನೆಯ ದಿನಗಳಲ್ಲಿ, 1784ರ ಫೆಬ್ರವರಿಯ ಕೊನೆಯ ವಾರದಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಊರೂರುಗಳಿಂದ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅದು ವಿಭೂತಿ ಬುಧವಾರದಂದು ನಡೆಯಿತೆಂದು ಪರಂಪರೆಯ ನೆನಪು. ಮಂಗಳೂರಿನ ಮುತ್ತಿಗೆಯಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂಬುದು ಸುಲ್ತಾನನ ಆರೋಪವಾಗಿತ್ತು. ಬಾರ್ಕೂರಿನ ಒಬ್ಬ ಕ್ರೈಸ್ತ ಸೆರೆಯಿಂದ ಮರಳಿದ ಮೇಲೆ ಕನ್ನಡದಲ್ಲಿ ಬರೆದಿಟ್ಟ ವೃತ್ತಾಂತವೂ ದೊರೆಯ ಕೋಪಕ್ಕೆ ಅದನ್ನೇ ಕಾರಣವಾಗಿ ಹೇಳುತ್ತದೆ. ಸೆರೆಯಾದವರ ಸಂಖ್ಯೆಯಲ್ಲಿ ಒಮ್ಮತವಿಲ್ಲ. ಮೂವತ್ತು ಸಾವಿರವೆನ್ನುವವರಿದ್ದಾರೆ, ಎಂಬತ್ತು ಸಾವಿರವೆನ್ನುವವರೂ ಇದ್ದಾರೆ. ದಾರಿಯಲ್ಲೇ ಅನೇಕರು ಸತ್ತರು. ತಲುಪಿದವರಲ್ಲಿ ಗಂಡಸರಿಗೆ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಬಹಳ ಜನ ಯುವಕರನ್ನು ಸೇನೆಗೆ ಸೇರಿಸಲಾಯಿತು. ಕರಾವಳಿಯ ಇಗರ್ಜಿಗಳನ್ನು ಕೆಡವಲಾಯಿತು. ಮೂಡುಬಿದಿರೆಯ ಸಮೀಪದ ಹೊಸಪೇಟೆಯ ಇಗರ್ಜಿಯೊಂದು ಚೌಟ ಅರಸರ ಆಶ್ರಯದಿಂದ ಉಳಿಯಿತೆಂದು ಹೇಳುತ್ತಾರೆ. ಇದೇ ಸುಲ್ತಾನ ಶೃಂಗೇರಿ ಮಠಕ್ಕೆ ದತ್ತಿ ಕಳುಹಿಸಿದವನು, ಪತ್ರ ಬರೆದವನು ಎಂಬುದೂ ದಾಖಲೆಯ ಮಾತು. ಟಿಪ್ಪುವಿನ ಬಗ್ಗೆ ಇಂದು ನಡೆಯುವ ವಾಗ್ವಾದ ಈ ಎರಡು ಸಂಗತಿಗಳಲ್ಲಿ ಒಂದನ್ನು ಇನ್ನೊಂದರಿಂದ ಒರೆಸಿಹಾಕಲು ಹೊರಡುತ್ತದೆ. ನನಗೆ ಆ ವಾಗ್ವಾದದಲ್ಲಿ ಆಸಕ್ತಿಯಿಲ್ಲ. ನನ್ನ ಆಸಕ್ತಿಯಿರುವುದು ಸೆರೆಯ ಹದಿನೈದು ವರ್ಷಗಳಲ್ಲಿ ಮತ್ತು ಅದರ ಮರುದಿನದಲ್ಲಿ.

ಹದಿನೈದು ವರ್ಷವೆಂದರೆ ಎಷ್ಟು? ಸೆರೆಗೆ ಹೋಗುವಾಗ ಐದು ವರ್ಷದವಳಾಗಿದ್ದ ಹುಡುಗಿ ಹೊರಬರುವಾಗ ತಾಯಿಯಾಗಿರುತ್ತಾಳೆ. ಅಲ್ಲಿಯೇ ಹುಟ್ಟಿದ ಮಗು ಇಗರ್ಜಿಯನ್ನು ಕಣ್ಣಿನಿಂದ ಕಂಡಿರುವುದಿಲ್ಲ. ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಗುರುಗಳಿಲ್ಲ, ಹಬ್ಬದ ಗಂಟೆಯಿಲ್ಲ. ಮರೆವು ಎಷ್ಟು ಆಳಕ್ಕೆ ಇಳಿಯಬಲ್ಲದೆಂಬುದಕ್ಕೆ ಅದೇ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ಕಥೆ ಸಾಕ್ಷಿ. ಹತ್ತು ವರ್ಷಗಳ ಬಳಿಕ ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನಿಗೆ ಕುರ್ಚಿಯಲ್ಲಿ ಕೂರುವುದು, ಚಾಕು ಚಮಚ ಹಿಡಿಯುವುದು ಮರೆತುಹೋಗಿತ್ತು. ಇಂಗ್ಲಿಷ್ ಕೂಡ ಒಡೆದುಹೋಗಿತ್ತು. ಅವನ ಆತ್ಮಕಥನ 1824ರಲ್ಲಿ ಅಚ್ಚಾಯಿತು. ಕೂರುವ ರೀತಿಯೇ ಮರೆಯುವುದಾದರೆ ಪ್ರಾರ್ಥನೆಯ ಗತಿಯೇನು?

1799ರ ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ. ಆ ಬಳಿಕ ಅಲ್ಲಿಗೆ ಬಂದವನು ಜ್ಯಾನ್ ಆಂತ್ವಾನ್ ದ್ಯುಬ್ವಾ. ನಮ್ಮಲ್ಲಿ ಅಬ್ಬೆ ದುಬೋಯಿ ಎಂದೇ ಪ್ರಸಿದ್ಧ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಗುರು. 1792ರಲ್ಲಿ ದೀಕ್ಷೆ ಪಡೆದು ಅದೇ ವರ್ಷ ಫ್ರಾನ್ಸನ್ನು ಬಿಟ್ಟು ಭಾರತಕ್ಕೆ ಬಂದು, ಪುದುಚೇರಿಯ ಮಿಷನ್ನಿಗೆ ಸೇರಿ, ತಮಿಳು ನಾಡಿನಲ್ಲಿ ಕೆಲವು ವರ್ಷ ಕಳೆದಿದ್ದವನು. ಚದುರಿಹೋದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಕೆಲಸಕ್ಕಾಗಿ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿದರು. ಗಂಜಾಮಿನಲ್ಲಿ ಅವನ ಹೆಸರಿನೊಡನೆ ಸೇರಿಕೊಂಡಿರುವ ದೇವಾಲಯ ಇಂದಿಗೂ ಇದೆ.

ಸಾಮಾನ್ಯ ಓದುಗರಿಗೆ ದ್ಯುಬ್ವಾ ಪರಿಚಿತನಾಗಿರುವುದು ಹಿಂದೂಗಳ ಆಚಾರ ವ್ಯವಹಾರಗಳ ಬಗೆಗಿನ ದಪ್ಪ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು 1807ರಲ್ಲಿ ಮದರಾಸಿನ ಸರ್ಕಾರ ಎರಡು ಸಾವಿರ ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಅದರ ದೊಡ್ಡ ಭಾಗ ಅವನಿಗಿಂತ ಹಿಂದಿನ ಕರ್ದೂ ಎಂಬ ಜೆಸ್ವಿತ್ ಗುರುವಿನ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಅದು ಬೇರೆಯೇ ಒಂದು ಲೆಕ್ಕಪರಿಶೋಧನೆ, ಇಲ್ಲಿ ಬೇಡ. ನಮಗೆ ಬೇಕಾದದ್ದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಇನ್ನೊಂದು ಪುಸ್ತಕ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು. ಮೂವತ್ತು ವರ್ಷ ಇಲ್ಲಿ ದುಡಿದ ಮಿಷನರಿಯೊಬ್ಬ, ಈ ದೇಶದಲ್ಲಿ ಕ್ರಿಸ್ತನ ಕರೆಗೆ ಓಗೊಡುವವರಿಲ್ಲ, ಇನ್ನು ಪ್ರಯತ್ನಿಸಿ ಫಲವಿಲ್ಲ ಎಂದು ಬರೆದ ಪುಸ್ತಕವದು. ಪ್ರೊಟೆಸ್ಟೆಂಟರು ಸಿಟ್ಟಾದರು. ಮದರಾಸು ಪ್ರಾಂತದಲ್ಲಿ ಪಾದ್ರಿಯಾಗಿದ್ದ ಜೇಮ್ಸ್ ಹೋ 1824ರಲ್ಲಿ ಪುಸ್ತಕರೂಪದ ಉತ್ತರವನ್ನೇ ಬರೆದ.

ಆ ಪತ್ರಗಳಲ್ಲಿ ದ್ಯುಬ್ವಾ ಕೊಡುವ ಕೆಲವು ಅಂಕಿಗಳು ನನ್ನನ್ನು ಹಿಡಿದು ನಿಲ್ಲಿಸಿದವು.

ಮೊದಲನೆಯದು ಅವನು ಹೊಸದಾಗಿ ಕ್ರಿಸ್ತನ ಬಳಿಗೆ ತಂದವರ ಸಂಖ್ಯೆ. ಇಷ್ಟು ವರ್ಷಗಳಲ್ಲಿ ಒಬ್ಬ ದೇಶೀಯ ಸಹಾಯಕನ ನೆರವಿನೊಂದಿಗೆ ಇನ್ನೂರರಿಂದ ಮುನ್ನೂರು ಜನ, ಅದರಲ್ಲಿ ಮೂರನೆಯ ಎರಡು ಪಾಲು ಹೊಲೆಯರು ಇಲ್ಲವೆ ಭಿಕ್ಷುಕರು ಎಂದು ನಾಚಿಕೆಯ ಧ್ವನಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಭಾರ ಹೊತ್ತು ಬಳಲಿದವರನ್ನೇ ಹೆಸರಿಸಿ ಬಳಿಗೆ ಕರೆದವನ ಶಿಷ್ಯನೊಬ್ಬ, ಬಂದವರು ಬಡವರು, ಅಸ್ಪೃಶ್ಯರು ಎಂಬುದನ್ನು ನಷ್ಟದ ಬಾಬತ್ತಿನಲ್ಲಿ ಬರೆದದ್ದು ಏಕೆಂದು ನನಗೆ ತಿಳಿಯದು. ಔತಣದ ಸಾಮತಿಯಲ್ಲಿ ಕರೆಸಿಕೊಂಡ ಗಣ್ಯರು ಹೊಲ ಕೊಂಡೆ, ಎತ್ತು ಕೊಂಡೆ ಎಂದು ನೆಪ ಹೇಳಿ ಉಳಿದಾಗ ಬೀದಿಯವರಿಂದಲೇ ಮನೆ ತುಂಬುತ್ತದಲ್ಲವೆ?

ಎರಡನೆಯದು ಸೆರೆಯವರ ಲೆಕ್ಕ. ಸೆರೆಯಾದವರನ್ನು ಅವನು ಅರವತ್ತು ಸಾವಿರವೆನ್ನುತ್ತಾನೆ. ಅವರಲ್ಲಿ ಒಬ್ಬನೇ ಒಬ್ಬನಿಗೂ ವಿಶ್ವಾಸವನ್ನು ಬಾಯಿಬಿಟ್ಟು ಹೇಳಿ ರಕ್ತಸಾಕ್ಷಿಯಾಗುವ ಧೈರ್ಯವಿರಲಿಲ್ಲವೆಂದು ಕಟುವಾಗಿ ಬರೆಯುತ್ತಾನೆ. ಕೆಲವೇ ಸಾಲುಗಳ ಬಳಿಕ, ಸುಲ್ತಾನನ ಪತನವಾದ ಕೂಡಲೆ ಅವರಲ್ಲಿ ಬಹುಪಾಲಿನವರು ತಮ್ಮ ಧರ್ಮದೊಂದಿಗೆ ಸಂಧಾನಕ್ಕಾಗಿ ಮರಳಿದರೆಂದೂ, ತಮ್ಮ ನಿರಾಕರಣೆ ಹೊರಗಿನದು ಮಾತ್ರ, ಒಳಗೆ ಕ್ರಿಸ್ತನನ್ನು ಬಿಟ್ಟಿರಲಿಲ್ಲವೆಂದು ಹೇಳಿಕೊಂಡರೆಂದೂ ಬರೆಯುತ್ತಾನೆ. ಅಂಥವರಲ್ಲಿ ಸುಮಾರು ಎರಡು ಸಾವಿರ ಜನ ಅವನ ಬಳಿಗೇ ಬಂದರು. ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಸೀಮೆಗೆ ಮರಳಿ ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು.

ಇನ್ನೂರು ಮುನ್ನೂರು ಒಂದು ಕಡೆ, ಎರಡು ಸಾವಿರ ಇನ್ನೊಂದು ಕಡೆ. ಸೋಲಿನ ಪಟ್ಟಿಯನ್ನು ಅಷ್ಟು ನಿಷ್ಠುರವಾಗಿ ಬರೆದ ಮನುಷ್ಯ ಈ ಎರಡನೆಯ ಅಂಕಿಯನ್ನು ಗೆಲುವಿನ ಪಟ್ಟಿಗೆ ಸೇರಿಸಲೇ ಇಲ್ಲ. ಅವನ ದೃಷ್ಟಿಯಲ್ಲಿ ಅದು ಹೇಡಿಗಳ ಸಂಖ್ಯೆ. ಈ ನೆಲದಲ್ಲಿ ವಿಶ್ವಾಸ ಎಷ್ಟು ತೆಳುವೆಂಬುದಕ್ಕೆ ಪುರಾವೆ. ನಾನು ಓದುವುದು ಬೇರೆ ರೀತಿ. ಹದಿನೈದು ವರ್ಷ ಒಂದು ಹೆಸರಿನಿಂದ ಬದುಕಿದವರು, ಆ ಹೆಸರಿನ ಕೆಳಗೆ ಮನೆ ಮಕ್ಕಳು ಉದ್ಯೋಗ ಮಾಡಿಕೊಂಡವರು, ಯಾರೂ ಬಲವಂತಪಡಿಸದಿದ್ದಾಗ, ತಮ್ಮ ಅವಮಾನವನ್ನು ತಾವೇ ಬಾಯಿಬಿಟ್ಟು ಹೇಳಿಕೊಳ್ಳುತ್ತ ಅಪರಿಚಿತ ಪರದೇಶಿಯೊಬ್ಬನ ಮುಂದೆ ನಿಂತರು. ಇಂಗ್ಲಿಷರ ಆಳ್ವಿಕೆಯಲ್ಲಿ ಕ್ರೈಸ್ತರಾಗಿರುವುದು ಲಾಭವೆಂದು ಬಂದವರೂ ಇದ್ದಿರಬಹುದೆಂದು ಯಾರಾದರೂ ಆಕ್ಷೇಪಿಸಬಹುದು. ಇದ್ದಿರಬಹುದು. ಆದರೆ ಲಾಭವೊಂದೇ ಗುರಿಯಾಗಿದ್ದರೆ ಹೆಸರು ಬದಲಿಸಿಕೊಂಡರೆ ಸಾಕಾಗಿತ್ತು. ನೂರಾರು ಮೈಲಿ ನಡೆದು ಹೋಗಿ ಕೆಡವಿದ ಗೋಡೆಯನ್ನು ಎತ್ತಬೇಕಾಗಿರಲಿಲ್ಲ.

ಇನ್ನೊಂದು ಮಾತೂ ಹೇಳಬೇಕು. ದ್ಯುಬ್ವಾ ಬಿಟ್ಟುಬಂದ ಫ್ರಾನ್ಸಿನಲ್ಲಿ ಆಗ ಕ್ರಾಂತಿಯ ಸರ್ಕಾರ ಗುರುಗಳಿಂದ ನಿಷ್ಠೆಯ ಪ್ರಮಾಣ ಕೇಳುತ್ತಿತ್ತು. ನಿರಾಕರಿಸಿದವರು ಸೆರೆಗೆ ಹೋದರು, 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ನೂರಾರು ಗುರುಗಳ ಕೊಲೆಯಾಯಿತು. ಆ ಭಯಂಕರದಿಂದ ತಾನು ಓಡಿಬಂದದ್ದು ನಿಜ, ಉಳಿದಿದ್ದರೆ ತನ್ನ ಗೆಳೆಯರಂತೆ ತಾನೂ ಬಲಿಯಾಗುತ್ತಿದ್ದೆನೆಂದು ಅವನೇ ಒಪ್ಪಿಕೊಂಡಿದ್ದಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನಿಗೆ ಹತ್ತಲು ಹಡಗಿತ್ತು. ಬಾರ್ಕೂರಿನ ರೈತನಿಗಿರಲಿಲ್ಲ.

ಬಂದವರನ್ನು ಅವನು ಹೇಗೆ ಸ್ವೀಕರಿಸಿದ? ಬರಹದಲ್ಲಿ ಕಠಿಣನಾದರೂ ಕೆಲಸದಲ್ಲಿ ಅವನು ಬಾಗಿಲು ಮುಚ್ಚಲಿಲ್ಲ, ಮುಚ್ಚುವಂತೆಯೂ ಇರಲಿಲ್ಲ. ಈ ವಿಷಯದಲ್ಲಿ ಕಥೋಲಿಕ ಧರ್ಮಸಭೆಯ ನಿಲುವು ಬಹಳ ಹಳೆಯದು. ರೋಮಿನ ಚಕ್ರವರ್ತಿ ದೇಕಿಯುಸ್ 250ರ ಸುಮಾರಿಗೆ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದಾಗ, ಅನೇಕ ಕ್ರೈಸ್ತರು ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ ಹಣ ತೆತ್ತು ಪತ್ರ ಮಾತ್ರ ಸಂಪಾದಿಸಿದರು. ಸುಳ್ಳು ಪ್ರಮಾಣಪತ್ರದ ಇತಿಹಾಸ ನಮ್ಮ ಕಚೇರಿಗಳಿಂದ ಶುರುವಾದದ್ದಲ್ಲ ಎಂದು ತಿಳಿದು ನನಗೆ ಸಮಾಧಾನವಾಯಿತು! ಹಿಂಸೆ ನಿಂತ ಮೇಲೆ ಅವರೆಲ್ಲ ಮರಳಿ ಬಂದಾಗ ನೊವಾಶಿಯನ್ ಎಂಬ ರೋಮಿನ ಗುರು ಅವರಿಗೆ ಕ್ಷಮೆಯಿಲ್ಲವೆಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಕರೆದುಕೊಳ್ಳಬೇಕೆಂದ. ಸಭೆ ಸಿಪ್ರಿಯನ್ನನ ಮಾತನ್ನು ಒಪ್ಪಿತು. ಹಿಂಸೆಯ ಕಾಲದಲ್ಲಿ ಸ್ವತಃ ಅಡಗಿಕೊಂಡಿದ್ದನೆಂದು ಟೀಕೆಗೊಳಗಾಗಿದ್ದ ಈ ಸಿಪ್ರಿಯನ್, 258ರಲ್ಲಿ ಮತ್ತೊಂದು ಹಿಂಸೆ ಬಂದಾಗ ತಲೆ ಕೊಟ್ಟ.

ಆ ತೀರ್ಮಾನದ ಹಿಂದೆ ಒಂದು ತತ್ತ್ವವಿದೆ: ಜ್ಞಾನಸ್ನಾನ ಒಂದೇ ಸಲ. ನಿರಾಕರಿಸಿದವನು ಮರಳಿ ಬಂದರೆ ಮತ್ತೆ ನೀರೆರೆಯುವುದಿಲ್ಲ. ಪಾಪನಿವೇದನೆ, ಪ್ರಾಯಶ್ಚಿತ್ತ, ಅಷ್ಟೆ. ಮನುಷ್ಯ ಬಿಟ್ಟುಹೋದರೂ ಕರೆದವನು ತನ್ನ ಕರೆಯನ್ನು ಹಿಂತೆಗೆದುಕೊಂಡಿಲ್ಲವೆಂಬುದು ಅದರ ಅರ್ಥ. ಸೆರೆಗೆ ಮುಂಚೆ ಜ್ಞಾನಸ್ನಾನ ಪಡೆದಿದ್ದ ಮುದುಕಿಗೆ ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಕ್ರೈಸ್ತಳಾಗುವ ಅಗತ್ಯವಿರಲಿಲ್ಲ. ಆಕೆ ಮಾಡಬೇಕಾಗಿದ್ದುದು ಹಳೆಯ ಮಾತನ್ನು ಮತ್ತೊಮ್ಮೆ ಹೇಳುವುದು.

ಮರಳದವರೂ ಇದ್ದರು. ಅರವತ್ತು ಸಾವಿರದಿಂದ ಇಪ್ಪತ್ತೆರಡು ಸಾವಿರ ಕಳೆದರೆ ಉಳಿಯುವ ಅಂಕಿ ಸಣ್ಣದಲ್ಲ. ಅದರಲ್ಲಿ ಸತ್ತವರೆಷ್ಟೋ, ಬೇರೆ ಸೀಮೆಗೆ ಓಡಿಹೋದವರೆಷ್ಟೋ. ಹೊಸ ಧರ್ಮದಲ್ಲೇ ಮನೆಮಾರು ಕಂಡುಕೊಂಡು ಉಳಿದವರೂ ಇದ್ದಿರಲೇಬೇಕು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ನಿಷ್ಠೆಯಿಂದ ನಮಾಜು ಮಾಡುತ್ತಿದ್ದಾರೆ, ಅವರ ವಿಶ್ವಾಸವೂ ವಿಶ್ವಾಸವೇ. ಬಲವಂತದಿಂದ ಶುರುವಾದದ್ದು ಮೂರನೆಯ ತಲೆಮಾರಿಗೆ ಒಲವಾಗಿರುತ್ತದೆ. ಇದನ್ನು ಒಪ್ಪದೆ ಮರಳಿದವರನ್ನು ಮಾತ್ರ ಕೊಂಡಾಡುವುದು ನ್ಯಾಯವಲ್ಲ.

ಮರಳಿದವರ ಕರಾವಳಿ ಆ ಹೊತ್ತಿಗೆ ಮದರಾಸಿಗೆ ಸೇರಿತ್ತು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅಣ್ಣಾ ಸಾಲೈಯಲ್ಲಿ ಓಡಾಡುವ ನಾವೆಲ್ಲ ರಿಕಾಪು ಇಲ್ಲದ ಕುದುರೆಯ ಮೇಲೆ ಕುಳಿತ ಅವನ ಪ್ರತಿಮೆಯನ್ನು ನೋಡುತ್ತೇವೆ. ಅವನು ಕಂದಾಯ ಬರೆಸಿದ ಸೀಮೆಯಲ್ಲಿ ಸೆರೆಯಿಂದ ಬಂದವರು ತಮ್ಮ ಗದ್ದೆಗಳಲ್ಲಿ ಬೇರೆಯವರು ಉಳುತ್ತಿರುವುದನ್ನು ಕಂಡು ನಿಂತಿದ್ದರೆಂಬುದು ಯಾರಿಗೂ ನೆನಪಾಗುವುದಿಲ್ಲ. ದಕ್ಷಿಣ ಕನ್ನಡ 1956ರವರೆಗೂ ಮದರಾಸಿನ ಜಿಲ್ಲೆಯಾಗಿಯೇ ಉಳಿಯಿತು. ಮಂಗಳೂರಿನ ಪೂರ್ವಕ್ಕೆ ನೇತ್ರಾವತಿಯ ದಡದಲ್ಲೊಂದು ಫರಂಗಿಪೇಟೆ, ಚೆನ್ನೈನಲ್ಲಿ ಒಂದು ಪರಂಗಿಮಲೆ. ಪರದೇಶಿಯರ ಹೆಸರು ಹೊತ್ತ ಈ ಎರಡು ಊರುಗಳು ಒಂದೂವರೆ ಶತಮಾನ ಒಂದೇ ಸರ್ಕಾರದ ಕೆಳಗಿದ್ದವು.

ದ್ಯುಬ್ವಾನ ಕೆಲಸ ಶ್ರೀರಂಗಪಟ್ಟಣಕ್ಕೆ ನಿಲ್ಲಲಿಲ್ಲ. ಹಾಸನದ ಸಮೀಪದ ಸಾತಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತರಿಗೆ ಬೇಸಾಯದ ನೆಲೆಯೊಂದನ್ನು ಕಟ್ಟಿದ. ಸಿಡುಬಿನ ಚುಚ್ಚುಮದ್ದನ್ನು ಮೈಸೂರು ಸೀಮೆಯಲ್ಲಿ ಹರಡಲು ದುಡಿದ. 1803-04ರಲ್ಲಿ 25,432 ಜನರಿಗೆ ಚುಚ್ಚಿಸಿದನೆಂಬುದು ದಾಖಲೆಯಲ್ಲಿದೆ. ಒಂದು ಅಂಕಿಯನ್ನಾದರೂ ಅವನು ಸಂತೋಷದಿಂದ ಬರೆದಿರಬೇಕು. ಬಿಳಿಯ ರುಮಾಲು, ಬಿಳಿಯ ನಿಲುವಂಗಿ ತೊಟ್ಟು, ಮಾಂಸ ಬಿಟ್ಟು, ಜನರ ಭಾಷೆಯಲ್ಲಿ ಮಾತಾಡಿಕೊಂಡಿದ್ದ ಅವನನ್ನು ಆ ಕಡೆಯವರು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ನನ್ನ ತಾಯಿಯ ತಾಯಿ ಹಾಸನದ ಕಡೆಯವರು. ಬಾಲ್ಯದಲ್ಲಿ ಅವರ ಬಾಯಿಂದ 'ದೊಡ್ಡ ಸ್ವಾಮಿಯೋರು' ಎಂಬ ಮಾತು ಕೇಳಿದಾಗ ಊರಿನ ಯಾವುದೋ ಮಠದ ಸ್ವಾಮಿಗಳೆಂದೇ ತಿಳಿದಿದ್ದೆ. ಇಂಗ್ಲಿಷಿನಲ್ಲಿ ದ್ಯುಬ್ವಾನ ಜೀವನಚರಿತ್ರೆ ಓದುವಾಗ ಆ ಹೆಸರು ಎದುರಾದದ್ದು ನನಗೆ ನಲವತ್ತು ದಾಟಿದ ಮೇಲೆ. ತನ್ನನ್ನು ಸೋತವನೆಂದು ನಂಬಿ 1823ರ ಜನವರಿಯಲ್ಲಿ ಹಡಗು ಹತ್ತಿ ಹೋದ ಮನುಷ್ಯನ ಹೆಸರನ್ನು ಅಜ್ಜಿ ಹಾಲು ಕರೆಯುತ್ತ, ರಾಗಿ ಬೀಸುತ್ತ ಹೇಳುತ್ತಿದ್ದರು. ಅಜ್ಜಿಗೆ ಅವನ ಪತ್ರಗಳ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ ಎಂದು ನನಗೆ ತೋರುತ್ತದೆ: ಹಾಗಾದರೆ ನಾವು ಯಾರು?

ದ್ಯುಬ್ವಾ ಮರಳಿ ಭಾರತಕ್ಕೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತನ್ನ ಸಂಸ್ಥೆಯ ಮುಖ್ಯಸ್ಥನಾಗಿ, 1848ರಲ್ಲಿ ತೀರಿಕೊಂಡ. ಹದಿನೇಳು ವರ್ಷಗಳ ನಂತರ, 1865ರ ಮಾರ್ಚ್ 17ರಂದು, ಅದೇ ಸಂಸ್ಥೆಯ ಬೆರ್ನಾರ್ ಪೆತಿಜ್ಯಾನ್ ಎಂಬ ಗುರು ಜಪಾನಿನ ನಾಗಾಸಾಕಿಯಲ್ಲಿ ಪರದೇಶಿಯರಿಗಾಗಿ ಕಟ್ಟಿದ ಹೊಸ ದೇವಾಲಯದಲ್ಲಿದ್ದಾಗ, ಉರಾಕಾಮಿ ಎಂಬ ಹಳ್ಳಿಯಿಂದ ಹತ್ತು ಹದಿನೈದು ಜನ ಬಂದರು. ಅವರಲ್ಲಿ ಒಬ್ಬ ಹೆಂಗಸು ಹತ್ತಿರ ಸರಿದು, ನಮ್ಮೆಲ್ಲರ ಹೃದಯವೂ ನಿಮ್ಮದರಂತೆಯೇ ಇದೆ ಎಂಬರ್ಥದ ಮಾತನ್ನು ಪಿಸುಗುಟ್ಟಿ, ಮರಿಯಮ್ಮನ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಜಪಾನಿನಲ್ಲಿ ಕ್ರೈಸ್ತ ಧರ್ಮಕ್ಕೆ 1614ರಿಂದ ನಿಷೇಧ. ಎರಡೂವರೆ ಶತಮಾನ ಗುರುಗಳಿಲ್ಲದೆ, ವರ್ಷವರ್ಷವೂ ಅಧಿಕಾರಿಗಳ ಮುಂದೆ ಕ್ರಿಸ್ತನ ಚಿತ್ರವನ್ನು ತುಳಿದು ತೋರಿಸುತ್ತಲೇ, ಮನೆಯೊಳಗೆ ಪ್ರಾರ್ಥನೆ ಉಳಿಸಿಕೊಂಡು ಬಂದವರ ಸಂತತಿಯದು. ಇವರನ್ನು ಯಾರೂ ಹೇಡಿಗಳೆನ್ನಲಿಲ್ಲ. ಪವಾಡವೆಂದು ಕೊಂಡಾಡಿದರು, ಕಾದಂಬರಿಗಳಾದವು, ಚಲನಚಿತ್ರಗಳಾದವು. ಶ್ರೀರಂಗಪಟ್ಟಣದವರು ಹೇಳಿದ್ದೂ ಇದೇ ಮಾತನ್ನಲ್ಲವೆ? ತುಳಿದದ್ದು ಕಾಲು, ಒಳಗಿನದು ಬೇರೆ ಎಂದು. ವ್ಯತ್ಯಾಸವಿದ್ದದ್ದು ಕೇಳಿಸಿಕೊಂಡ ಕಿವಿಯಲ್ಲಿ.

ಶುಭಸಂದೇಶದಲ್ಲಿ ಪೇತ್ರ ತನ್ನ ಗುರುವನ್ನು ಅರಿಯೆನೆಂದದ್ದು ಮೂರು ಸಲ, ಬೆಂಕಿ ಕಾಯಿಸಿಕೊಳ್ಳುತ್ತ. ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ, ಮತ್ತೆ ಒಂದು ಕೆಂಡದ ಬೆಂಕಿಯ ಬಳಿ, ಯೇಸು ಅವನನ್ನು ಕೇಳುವುದೂ ಮೂರು ಸಲ. ಆ ರಾತ್ರಿ ಏಕೆ ಹಾಗೆಂದೆ ಎಂದಲ್ಲ. ನನ್ನ ಮೇಲೆ ಪ್ರೀತಿಯಿದೆಯೇ ಎಂದು. ಇನ್ನೊಬ್ಬ ಪ್ರೇಷಿತನಾದ ತೋಮಾಸನಿಗೆ ನಂಬಲು ಗಾಯವನ್ನು ಮುಟ್ಟಿ ನೋಡಬೇಕಾಯಿತು, ಮುಟ್ಟಲು ಅವಕಾಶವೂ ಸಿಕ್ಕಿತು. ಚೆನ್ನೈ ತನ್ನದೆಂದು ಹೇಳಿಕೊಳ್ಳುವ ಪ್ರೇಷಿತ ಈ ಸಂದೇಹಿಯೇ. ಮೈಲಾಪುರದಲ್ಲಿ ಅವನ ಸಮಾಧಿ, ಸೈದಾಪೇಟೆಯ ಚಿಕ್ಕಮಲೆಯಲ್ಲಿ ಅವನ ಗವಿ, ಪರಂಗಿಮಲೆಯಲ್ಲಿ ಅವನ ಮರಣ ಎಂದು ಪರಂಪರೆ.

ಜಾಗರಣೆ ಮುಗಿದಾಗ ನಡುರಾತ್ರಿ ದಾಟಿತ್ತು. ಹೊರಗೆ ಮಲೆಯ ಮೆಟ್ಟಿಲುಗಳ ಬಳಿ ಒಬ್ಬಾಕೆ ಇನ್ನೂ ಚಹಾ ಮಾರುತ್ತಿದ್ದಳು. ಕೈಯ ಮೇಣದ ಬತ್ತಿ ಅರ್ಧ ಉರಿದು ಆರಿತ್ತು. ಅದನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಲೋಕಲ್ ರೈಲು ಆಗಲೇ ನಿಂತುಹೋಗಿತ್ತು, ನಡೆದೇ ಮನೆ ಸೇರಿದೆ.